ಕಿವಿಯಿಂದ ಸಕ್ಕರೆ ಕಮ್ಮಿ ಮಾಡಿದ ಕಥೆ: ನನ್ನ ಅನುಭವ

ನಮ್ಮ ಹೋಟೆಲಿನಲ್ಲಿ ಒಂದು ಕಾಫಿಗೆ ಈಗ ಬೀಳುವುದು ಆರೂವರೆ-ಏಳು ಗ್ರಾಂ ಸಕ್ಕರೆ. ಎರಡು ವರ್ಷದ ಹಿಂದೆ ಹತ್ತು-ಹನ್ನೊಂದು ಬೀಳುತ್ತಿತ್ತು. ಹಾಲು ಅದೇ, ಪುಡಿ ಅದೇ, ಮಾಸ್ಟರ್ ಅವನೇ, ಗಿರಾಕಿಗಳೂ ಅವರೇ. ಲೋಟ ಹಿಡ್ಕೊಂಡು "ಸಕ್ಕರೆ ಸಾಲದು" ಅಂತ ವಾಪಸ್ ಬರುವವರು ನೂರಕ್ಕೆ ಮೂರೋ ನಾಲ್ಕೋ ಜನ. ಮೊದಲೂ ಅಷ್ಟೇ ಇದ್ದರು. ಇದೆಲ್ಲ ಆಗದ ಕೆಲಸ ಅಂತ ನಕ್ಕವರು ನಮ್ಮೂರಿನ ಹೋಟೆಲಿನವರಲ್ಲೇ ಸುಮಾರು ಜನ ಇದ್ದಾರೆ. ಅವರಲ್ಲಿ ಕೆಲವರು ಈಗ ನಮ್ಮ ಗಲ್ಲಾದ ಪಕ್ಕ ನಿಂತು ಅದೂ ಇದೂ ವಿಚಾರಿಸಲು ಶುರುಮಾಡಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು. ಎಲ್ಲವನ್ನೂ ಅಲ್ಲ, ಹೇಳಬಹುದಾದಷ್ಟನ್ನು.

ಹೋಟೆಲ್ ನಡೆಸುವವರಿಗೆ ಈ ಕಾಟ ಗೊತ್ತೇ ಇರುತ್ತದೆ. "ಸಕ್ಕರೆ ಕಮ್ಮಿ" ಅಂತ ಹೇಳಿ ಟೋಕನ್ ಕೊಡುವವರೇ ಎರಡು ಗುಟುಕು ಕುಡಿದು "ಒಂಚೂರು ಸಕ್ಕರೆ ಹಾಕಿಬಿಡಿ" ಅಂತ ಬರುತ್ತಾರೆ. ಬೆಳಿಗ್ಗೆ ಎಂಟರ ರಶ್ಶಿನಲ್ಲಿ ಇಂಥವರು ಹತ್ತು ಜನ ಬಂದರೆ ಮಾಸ್ಟರ್ ಕೈ ಕಟ್ಟಿಹೋಗುತ್ತದೆ. ನನ್ನ ಸಂಕಟ ಇನ್ನೊಂದು. ಪುಡಿ ನಾನು ಹೊರಗಿನಿಂದ ತರುವುದಿಲ್ಲ. ಪ್ಲಾಂಟೇಶನ್ ಎ, ಪೀಬರಿ, ಸ್ವಲ್ಪ ರೋಬಸ್ಟಾ ಚೆರ್ರಿ, ಹೀಗೆ ಬೇರೆ ಬೇರೆ ಬಗೆಯ ಕಾಫಿ ಬೀಜ ನಾನೇ ಹುರಿದು ಬೀಸಿಸುತ್ತೇನೆ. ಪುಡಿಗೆ ಬೆರೆಸುವ ಚಿಕೋರಿ ನೂರಕ್ಕೆ 20ರ ಮೇಲೆ ಹೋಗುವುದಿಲ್ಲ. ಕಾನೂನು 49ರವರೆಗೂ ಬಿಡುತ್ತದೆ, ಅದು ಬೇರೆ ಮಾತು. ಅಷ್ಟು ಜೋಪಾನವಾಗಿ ಹುರಿದ ಬೀಜವನ್ನು ಜನ ಪಾನಕ ಮಾಡಿಕೊಂಡು ಕುಡಿದರೆ ಹೊಟ್ಟೆ ಉರಿಯುತ್ತೋ ಇಲ್ಲವೋ?

ಮೊದಲು ನೇರ ದಾರಿ ಹಿಡಿದೆ. ಮಾಸ್ಟರ್‌ನ ಚಮಚದ ಅಂಚನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿಕೊಂಡು ಬಂದೆ. ತುಂಬಾ ತುಂಬಿದರೂ ಏಳು ಗ್ರಾಂ ಆಸುಪಾಸು. ಲೆಕ್ಕಕ್ಕೆ ಒಂದು ಖಾಲಿ ಡಬ್ಬಿ ಇಟ್ಟೆ. ಯಾರಾದರೂ ಸಕ್ಕರೆಗೆ ವಾಪಸ್ ಬಂದರೆ ಮಾಸ್ಟರ್ ಒಂದು ಕಾಫಿ ಬೀಜ ಡಬ್ಬಿಗೆ ಹಾಕಬೇಕು. ರಾತ್ರಿ ಟೋಕನ್ ಲೆಕ್ಕದ ಜೊತೆ ಬೀಜವನ್ನೂ ಎಣಿಸುವುದು. ಈ ಡಬ್ಬಿ ಇಲ್ಲದಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ. ಯಾಕಂದ್ರೆ ಮಾಸ್ಟರ್‌ನನ್ನು ಕೇಳಿದರೆ ಒಂದು ದಿನ "ಯಾರೂ ಬರಲಿಲ್ಲ ಅಣ್ಣ" ಅನ್ನುತ್ತಾನೆ, ಇನ್ನೊಂದು ದಿನ "ಊರೆಲ್ಲ ಬಂತು" ಅನ್ನುತ್ತಾನೆ. ಡಬ್ಬಿ ಹಾಗಲ್ಲ. ಆ ವಾರ ನೂರಕ್ಕೆ ಹದಿನಾಲ್ಕು-ಹದಿನೈದು ಬೀಜ ಬಿದ್ದವು. ಒಬ್ಬ ನಿವೃತ್ತ ಮೇಷ್ಟ್ರು "ಏನು ಗೌಡ್ರೇ, ಸಕ್ಕರೆ ರೇಷನ್ನಾ?" ಅಂದರು. ಹಳೇ ಚಮಚ ವಾಪಸ್ ಬಂತು.

ದಾರಿ ತೋರಿಸಿದ್ದು ನನ್ನ ಹೆಂಡತಿಯ ಅಕ್ಕನ ಮಗಳು. ಬಿಕಾಂ ಓದುತ್ತಾಳೆ, ರಜದಲ್ಲಿ ಗಲ್ಲಾದಲ್ಲಿ ಕೂರುತ್ತಾಳೆ. ಒಂದು ದಿನ ತಲೆ ಹಿಡಿದುಕೊಂಡು, "ಚಿಕ್ಕಪ್ಪ, ಆ ಫ್ಯಾನ್ ಆಫ್ ಮಾಡಿಸಿ. ಎಲ್ಲದರ ಮೇಲೂ ಕಂದು ಗೆರೆ ಬರ್ತಿದೆ" ಅಂದಳು. ಯಾವ ಗೆರೆ ಅಂತ ಕೇಳಿದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಸದ್ದು ಅವಳಿಗೆ ಕಣ್ಣ ಮುಂದೆ ಕೊಳಕು ಕಂದು ಬಣ್ಣದ ಗೆರೆಗಳಾಗಿ ಬರುತ್ತದಂತೆ. ಲೋಟ ತೊಳೆಯುವ ಸದ್ದು ಬಿಳಿ ಚುಕ್ಕಿ. ಬಸ್ಸಿನ ಏರ್ ಹಾರ್ನ್ ನೇರಳೆ. ಅಕ್ಷರಕ್ಕೂ ಬಣ್ಣ ಇದೆ, ಅಂಕಿಗೂ ಇದೆ. ಚಿಕ್ಕಂದಿನಿಂದ ಹೀಗೇ, ಎಲ್ಲರಿಗೂ ಹೀಗೇ ಅಂದುಕೊಂಡಿದ್ದಳಂತೆ.

ಇದಕ್ಕೆ ಸಿನೆಸ್ತೀಸಿಯಾ ಅನ್ನುತ್ತಾರೆ. ಒಂದು ಇಂದ್ರಿಯಕ್ಕೆ ಬಂದದ್ದು ಇನ್ನೊಂದನ್ನೂ ಎಬ್ಬಿಸುವುದು. ನೂರರಲ್ಲಿ ಸುಮಾರು ನಾಲ್ಕು ಜನಕ್ಕೆ ಯಾವುದೋ ಒಂದು ಬಗೆಯದು ಇರುತ್ತದೆ ಅಂತ 2006ರಲ್ಲಿ ಬ್ರಿಟನ್ನಿನಲ್ಲಿ ಮಾಡಿದ ಅಧ್ಯಯನ ಹೇಳುತ್ತದೆ. ನಾನು ಸುಮ್ನೆ ನಂಬುವವನಲ್ಲ. ಪೇಂಟ್ ಅಂಗಡಿಯಿಂದ ದಪ್ಪ ಶೇಡ್ ಕಾರ್ಡ್ ತಂದೆ. ಅ ಇಂದ ಳ ವರೆಗೆ ಒಂದೊಂದು ಅಕ್ಷರ ತೋರಿಸಿ, ಬಣ್ಣ ಆರಿಸು ಅಂದೆ. ಪುಟದ ನಂಬರ್ ಸಮೇತ ಬರೆದಿಟ್ಟು ಪುಸ್ತಕ ಬೀರುವಿನಲ್ಲಿ ಬೀಗ ಹಾಕಿದೆ. ಮೂರ್ನಾಲ್ಕು ತಿಂಗಳಾದ ಮೇಲೆ, ಹೇಳದೆ ಕೇಳದೆ, ಮತ್ತೆ ಅದೇ ಪರೀಕ್ಷೆ. 'ಕ' ಅವಳಿಗೆ ಇಟ್ಟಿಗೆ ಕೆಂಪು. ಪಕ್ಕಪಕ್ಕದಲ್ಲಿ ಆರು ಇಟ್ಟಿಗೆ ಕೆಂಪು ಇದ್ದವು. ಹೋದ ಸಲ ಆರಿಸಿದ್ದ ಅದೇ ಚೌಕದ ಮೇಲೆ ಬೆರಳಿಟ್ಟಳು. ಒಂದೆರಡು ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಹೀಗೇ. ನನ್ನ ಹೆಂಡತಿಗೂ ನನಗೂ ಅದೇ ಪರೀಕ್ಷೆ ಮಾಡಿದರೆ ಕಾಲು ಭಾಗವೂ ಕೂಡಲಿಲ್ಲ.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ, ಅದು ಬಹಳ ಮಜಾ ಕೊಟ್ಟಿತು. ಮೆದುಳಿನ ಬಗ್ಗೆ ಸಂಶೋಧನೆ ಮಾಡುವ ವಿ. ಎಸ್. ರಾಮಚಂದ್ರನ್ ಮತ್ತು ಹಬ್ಬರ್ಡ್ 2001ರಲ್ಲಿ ಮಾಡಿದ್ದು: ಪುಟ ತುಂಬ 5, ನಡುವೆ ಕೆಲವು 2, ಆ 2ಗಳು ಸೇರಿ ಒಂದು ತ್ರಿಕೋನ. ಅಂಕಿಗೆ ಬಣ್ಣ ಕಾಣುವವರಿಗೆ ತ್ರಿಕೋನ ಬೇಗ ಎದ್ದು ಕಾಣುತ್ತದೆ ಅನ್ನುವುದು ಅವರ ವಾದ. ನಾನು ಅದನ್ನು ಕನ್ನಡ ಅಂಕಿಗೆ ಇಳಿಸಿದೆ. ಪುಟ ತುಂಬ ೬, ನಡುವೆ ೯. ಇವೆರಡೂ ನೋಡಲು ಅಣ್ಣತಮ್ಮಂದಿರು, ಬಿಲ್ಲಿನಲ್ಲೇ ನಾವು ತಡವರಿಸುತ್ತೇವೆ. ನಾನು ಬೆರಳಿಟ್ಟು ಒಂದೊಂದೇ ಸಾಲು ಹುಡುಕಿ ಅರ್ಧ ನಿಮಿಷದ ಮೇಲೆ ತೆಗೆದುಕೊಂಡೆ. ಅವಳು ಹಾಳೆ ಕೈಗೆ ತೆಗೆದುಕೊಂಡವಳೇ "ಬಲಗಡೆ ಮೇಲೆ, ತ್ರಿಕೋನ" ಅಂದು ಹಾಳೆ ವಾಪಸ್ ಕೊಟ್ಟಳು.

ಇದಕ್ಕೂ ಕಾಫಿಗೂ ಏನು ಸಂಬಂಧ ಅಂತೀರಾ? ಅವಳ ಬಣ್ಣ ಅವಳಿಗೆ ಮಾತ್ರ, ಬೇರೆಯವರಿಗೆ ಉಪಯೋಗವಿಲ್ಲ. ಆದರೆ ಇದರ ತೆಳು ರೂಪವೊಂದು ಎಲ್ಲರಲ್ಲೂ ಇದೆ. ಸಣ್ಣ ಚೂಪು ದನಿ, ದುಂಡು ಆಕಾರ, ಕೆಂಪು-ಗುಲಾಬಿ ಬಣ್ಣ ಇವು ಜನರಿಗೆ ಸಿಹಿಯ ಜೊತೆ ಹೋಗುತ್ತವೆ. ದಪ್ಪ ದನಿ, ಮೂಲೆ ಮೂಲೆ ಆಕಾರ, ಕಪ್ಪು ಬಣ್ಣ ಕಹಿಯ ಜೊತೆ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಆಲೂಗಡ್ಡೆ ಚಿಪ್ಸ್ ಕಚ್ಚುವ ಸದ್ದನ್ನು ಹೆಡ್‌ಫೋನಿನಲ್ಲಿ ಜೋರು ಮಾಡಿದರೆ ಅದೇ ಚಿಪ್ಸ್ ಜಾಸ್ತಿ ಗರಿಗರಿ ಅನಿಸುತ್ತದೆ ಅಂತ 2004ರಲ್ಲಿ ತೋರಿಸಿದ್ದು ಅವರೇ. ಅದಕ್ಕೆ 2008ರಲ್ಲಿ ಇಗ್ ನೊಬೆಲ್ ಬಂತು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಸದ್ದಿನ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ವಿಮಾನದ ಪ್ರಯೋಗ. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಜನರ ಕಿವಿಗೆ ವಿಮಾನದೊಳಗಿನ ಸದ್ದು ಹಾಕಿ, ಸುಮಾರು 80-85 ಡೆಸಿಬೆಲ್, ರುಚಿ ನೋಡಿಸಿದರು. ಸಿಹಿ ಮಂಕಾಯಿತು. ಟೊಮೆಟೊದಂಥ ಉಮಾಮಿ ರುಚಿ ಮಾತ್ರ ಏರಿತು. ನಾಲಿಗೆಯ ಮುಂಭಾಗದ ರುಚಿ ಒಯ್ಯುವ ನರ ಕಿವಿಯ ತಮಟೆಯನ್ನು ಸವರಿಕೊಂಡೇ ಹೋಗುತ್ತದೆ, ಗೊತ್ತಾ? ಫೋನಿನಲ್ಲಿ ಡೆಸಿಬೆಲ್ ಆಪ್ ಹಾಕಿ ನಮ್ಮ ಕಾಫಿ ಕೌಂಟರ್ ಎದುರು ಹಿಡಿದೆ. ಬೆಳಿಗ್ಗೆ ಎಂಟೂವರೆಗೆ 84, 85. ಅಂದರೆ ನಮ್ಮ ಗಿರಾಕಿಗಳು ದಿನಾ ವಿಮಾನದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು, ಟಿಕೆಟ್ ಇಲ್ಲದೆ. (ಸಾಂಬಾರಿಗೆ ಮಾತ್ರ ಯಾವತ್ತೂ ತಕರಾರು ಬಂದಿಲ್ಲ. ಟೊಮೆಟೊ-ಬೇಳೆಯ ಪುಣ್ಯವೋ, ನಮ್ಮ ಅಡುಗೆ ಭಟ್ಟರ ಕೈಗುಣವೋ. ಭಟ್ಟರನ್ನು ಕೇಳಿದರೆ ಉತ್ತರ ಒಂದೇ.)

ಸದ್ದು ಇಳಿಸುವುದಕ್ಕೆ ಖರ್ಚು ಕಮ್ಮಿ, ರಗಳೆ ಜಾಸ್ತಿ. ಎಕ್ಸಾಸ್ಟ್ ಫ್ಯಾನಿನ ಬೇರಿಂಗ್ ಬದಲಿಸಿದ್ದಕ್ಕೆ ಏಳೆಂಟುನೂರು. ಗೋಡೆಗೂ ಫ್ಯಾನಿಗೂ ನಡುವೆ ಹಳೇ ಟ್ಯೂಬಿನ ತುಂಡು ಕೊಟ್ಟೆವು. ಚಟ್ನಿಯ ಮಿಕ್ಸಿ ಹಿತ್ತಲ ಕೋಣೆಗೆ ಹೋಯಿತು. ಎಲ್ಲಕ್ಕಿಂತ ಕೆಟ್ಟದ್ದು ಲೋಟ ತೊಳೆಯುವ ತೊಟ್ಟಿ. ಕ್ಲೀನರ್ ಹುಡುಗ ಟ್ರೇ ತುಂಬ ಸ್ಟೀಲ್ ಲೋಟ ತಂದು ಸುರಿದರೆ ಮೀಟರ್ ತೊಂಬತ್ತು ದಾಟುತ್ತಿತ್ತು. "ನಿಧಾನಕ್ಕೆ ಹಾಕೋ" ಅಂತ ಹೇಳಿ ಹೇಳಿ ಸಾಕಾಯಿತು. ಕೊನೆಗೆ ಕೊಟ್ಟಿಗೆಯಲ್ಲಿ ಹಸುವಿನ ಕಾಲಡಿ ಹಾಸುತ್ತಾರಲ್ಲ, ಆ ದಪ್ಪ ರಬ್ಬರ್ ಮ್ಯಾಟ್ ತಂದೆ. ಒಂದಕ್ಕೆ ಸಾವಿರದ ಎಂಟುನೂರೋ ಏನೋ ಆಯಿತು. ಒಂದನ್ನು ಕತ್ತರಿಸಿ ತೊಟ್ಟಿಯ ತಳಕ್ಕೂ ಸುತ್ತಲೂ ಹಾಕಿದೆ, ಇನ್ನೊಂದನ್ನು ಟ್ರೇ ಇಡುವ ಕಟ್ಟೆಗೆ. ಲೋಟ ಬಿದ್ದರೆ ಈಗ 'ಟಣ್' ಇಲ್ಲ, 'ದಬ್' ಅಷ್ಟೆ. ತಿಂಗಳಿಗೊಮ್ಮೆ ತೆಗೆದು ಬಿಸಿನೀರು ಹಾಕಿ ಉಜ್ಜಬೇಕು, ಇಲ್ಲದಿದ್ದರೆ ಅಡಿಯಲ್ಲಿ ಲೋಳೆ ಕಟ್ಟುತ್ತದೆ. ಇಷ್ಟಾದ ಮೇಲೆ ಮೀಟರ್ 72-73ಕ್ಕೆ ಇಳಿಯಿತು. ಹುಡುಗಿ ಬಂದು "ಕಂದು ಹೋಯ್ತು ಚಿಕ್ಕಪ್ಪ" ಅಂದಳು.

ಆಗ ಸಕ್ಕರೆಗೆ ಮತ್ತೆ ಕೈ ಹಾಕಿದೆ. ಈ ಸಲ ಅರ್ಧರ್ಧ ಗ್ರಾಂ. ಎರಡು ಮೂರು ವಾರಕ್ಕೊಮ್ಮೆ ಚಮಚದ ಅಂಚು ಉಜ್ಜಿಸುವುದು, ಡಬ್ಬಿ ನೋಡುವುದು, ಬೀಜ ಜಾಸ್ತಿಯಾದರೆ ಅಲ್ಲೇ ನಿಲ್ಲುವುದು. ಒಂಬತ್ತರವರೆಗೆ ಸಲೀಸಾಗಿ ಬಂತು. ಒಂಬತ್ತರಲ್ಲಿ ಕಚ್ಚಿಕೊಂಡಿತು.

ಇನ್ನು ಕಾಫಿ ಕೊಡುವ ಲೋಟ, ಕಪ್‌ಗಳ ಸರದಿ. ಇಲ್ಲಿ ದುಡ್ಡು ನೀರಾಯಿತು. ಸ್ಟೀಲ್ ಲೋಟ ತೆಗೆದು ಬಿಳಿ ಪಿಂಗಾಣಿ ಕಪ್ ತಂದೆ. ನೂರೈವತ್ತು ಕಪ್, ಹತ್ತಿರ ಹತ್ತಿರ ಒಂಬತ್ತು ಸಾವಿರ. ನೋಡಲು ಬೆಂಗಳೂರಿನ ದೊಡ್ಡ ಹೋಟೆಲ್ ಥರ ಕಾಣಿಸಿತು. ಬೀಜ ನೂರಕ್ಕೆ ಎಂಟು-ಒಂಬತ್ತಕ್ಕೆ ಏರಿತು! "ಇವತ್ತು ಡಿಕಾಕ್ಷನ್ ಗಟ್ಟಿ ಅಲ್ವಾ?" ಅಂತ ಬೇರೆ ಕೇಳಿದರು. ಡಿಕಾಕ್ಷನ್ ಒಂದು ಹನಿ ಬದಲಾಗಿರಲಿಲ್ಲ. ಆಮೇಲೆ ಓದಿದೆ: 2014ರಲ್ಲೇ ಆಸ್ಟ್ರೇಲಿಯಾದವರು ಮಗ್ ಬಣ್ಣದ ಪರೀಕ್ಷೆ ಮಾಡಿದ್ದಾರೆ. ಬಿಳಿ ಮಗ್ಗಿನ ಕಾಫಿ ಜನರಿಗೆ ಜಾಸ್ತಿ ಗಡುಸು, ಕಮ್ಮಿ ಸಿಹಿ ಅನಿಸಿತಂತೆ. ಬಿಳಿಯ ಪಕ್ಕ ಕಂದು ಇನ್ನೂ ಕಂದಾಗಿ ಕಾಣುವುದಕ್ಕೋ ಏನೋ. ಅದೇ ಬಿಳಿ, ತಟ್ಟೆಯಲ್ಲಿ ಸ್ಟ್ರಾಬೆರಿ ಮೂಸ್ ಅನ್ನುವ ನೊರೆನೊರೆ ಸಿಹಿತಿಂಡಿ ಬಡಿಸಿದಾಗ ಕಪ್ಪು ತಟ್ಟೆಗಿಂತ ಸಿಹಿ ಅನಿಸಿತು ಅಂತ ಬೇರೆ ಪರೀಕ್ಷೆ ಇದೆ. ಹಾಗಾಗಿ ಬಣ್ಣ ಒಂದನ್ನೇ ನೋಡಿ ಲೆಕ್ಕ ಹಾಕಬೇಡಿ, ಒಳಗೆ ಏನಿದೆ ಅದನ್ನೂ ನೋಡಿ. ತಂದ ಬಿಳಿ ಕಪ್‌ಗಳಲ್ಲಿ ಮೂರನೇ ಒಂದು ಭಾಗ ಆಗಲೇ ಒಡೆದಿತ್ತು. ಉಳಿದದ್ದನ್ನು ಕೇಟರಿಂಗ್ ಮಾಡುವ ಷಡ್ಡಕನಿಗೆ ಅರ್ಧ ಬೆಲೆಗೆ ಕೊಟ್ಟೆ.

ಮಣ್ಣಿನ ಕುಡಿಕೆ ಅದಕ್ಕಿಂತ ಕೆಟ್ಟದಾಯಿತು. ತುಟಿಗೆ ಒರಟು. ಒರಟು ತಾಗಿದರೆ ಕಾಫಿಯೇ ಒಗರು ಅನ್ನುತ್ತಾರೆ. ಫೋಟೊ ತೆಗೆಯುವ ಹುಡುಗರಿಗೆ ಮಾತ್ರ ಬಹಳ ಇಷ್ಟವಾಯಿತು. ಫೋಟೊ ತೆಗೆದು, ಬೈಟು ಹೇಳಿ, ಮುಕ್ಕಾಲು ಗಂಟೆ ಕೂರುತ್ತಿದ್ದರು.

ಕೊನೆಗೆ ಉತ್ತರ ಪ್ರದೇಶದ ಖುರ್ಜಾದಿಂದ ಪಿಂಗಾಣಿ ಕಪ್ ತರಿಸಿದೆ. ಹೊಟ್ಟೆ ದುಂಡಗೆ, ಅಂಚು ತೆಳ್ಳಗೆ ಮಡಿಚಿದ್ದು, ಗ್ಲೇಜ್ ಗಾಜಿನಷ್ಟು ನುಣುಪು. ಹೊರಗೆ ದಾಸವಾಳದ ಕೆಂಪು. ಒಳಗಿನ ಬಣ್ಣ ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ಮೂರು ಸಲ ಸ್ಯಾಂಪಲ್ ತರಿಸಿದ್ದೇನೆ. ಇನ್ನೂರು ಕಪ್ಪಿಗೆ ಲಾರಿ ಬಾಡಿಗೆ ಸೇರಿ ಹದಿನಾಲ್ಕು ಸಾವಿರದ ಹತ್ತಿರ. ಒಂದು ತೊಂದರೆ ಇದೆ: ಪಿಂಗಾಣಿ ಕಾಫಿಯ ಬಿಸಿ ಹೀರಿಬಿಡುತ್ತದೆ. ಆರಿದರೆ ಸಿಹಿಯೂ ಇಳಿಯುತ್ತದೆ. ನಾಲಿಗೆ ಬಿಸಿಯಲ್ಲಿ ಸಕ್ಕರೆಯನ್ನು ಜಾಸ್ತಿ ಹಿಡಿಯುತ್ತದೆ, ಇದು ನಿಮಗೂ ಗೊತ್ತಿರುವ ವಿಷಯ. ಹಾಗಾಗಿ ಕಪ್ಪನ್ನು ಬಿಸಿನೀರಿನಲ್ಲಿ ಅದ್ದಿಟ್ಟು ತೆಗೆಯಬೇಕಾಯಿತು.

ಈ ಬಿಸಿನೀರಿನಿಂದಲೇ ವಾಸನೆಯ ಯೋಚನೆ ಹುಟ್ಟಿತು. ಕಾಫಿಗೆ ಏಲಕ್ಕಿ ಹಾಕಿದರೆ ನಮ್ಮ ಮಲೆನಾಡಿನವರು ಜಗಳಕ್ಕೇ ಬರುತ್ತಾರೆ. ಕಾಫಿಗೆ ಹಾಕುವುದು ಬೇಡ, ಕಪ್ ಅದ್ದುವ ನೀರಿಗೆ ಹಾಕಿದರೆ? ಸಿಹಿ ಅಂಗಡಿಯಲ್ಲಿ ಏಲಕ್ಕಿ ಕಾಳು ತೆಗೆದು ಸಿಪ್ಪೆ ಎಸೆಯುತ್ತಾರೆ. ಅದನ್ನೇ ಬಿಟ್ಟಿ ತಂದೆ. ಬಟ್ಟೆಯಲ್ಲಿ ಕಟ್ಟಿ ನೀರಿಗೆ ಬಿಟ್ಟೆ. ಕಪ್ಪಿನ ಅಂಚು ತುಟಿಗೆ ಬರುವಾಗ ಮೂಗಿಗೆ ಇದೆಯೋ ಇಲ್ಲವೋ ಅನ್ನುವಷ್ಟು ಬರಬೇಕು. "ಏಲಕ್ಕಿ ಹಾಕಿದ್ದೀರಾ?" ಅಂತ ಯಾರಾದರೂ ಕೇಳಿದರೆ ಜಾಸ್ತಿಯಾಯಿತು ಅಂತಲೇ ಅರ್ಥ. ಎಷ್ಟು ಸಿಪ್ಪೆ, ಎಷ್ಟು ಹೊತ್ತಿಗೊಮ್ಮೆ ನೀರು ಬದಲಿಸಬೇಕು, ಅದು ನನ್ನ ಹತ್ತಿರವೇ ಇರಲಿ.

ಇದು ಯಾಕೆ ನಡೆಯುತ್ತದೆ ಅಂದರೆ, ವಾಸನೆಗೆ ಸ್ವಂತ ಸಿಹಿ ಅನ್ನುವುದು ಇಲ್ಲ, ಅಭ್ಯಾಸದಿಂದ ಬಂದದ್ದು. ಅಮೆರಿಕದಲ್ಲಿ 1988ರಲ್ಲೇ ಒಂದು ಪರೀಕ್ಷೆ ಆಗಿದೆ: ಕೆನೆಗೆ ಸ್ಟ್ರಾಬೆರಿ ವಾಸನೆ ಕೊಟ್ಟರೆ ಸಿಹಿ ಜಾಸ್ತಿ ಅನಿಸಿತು, ಕಡಲೆಕಾಯಿ ಬೆಣ್ಣೆಯ ವಾಸನೆ ಕೊಟ್ಟರೆ ಇಲ್ಲ. ನಾವು ಹುಟ್ಟಿದಾಗಿನಿಂದ ಏಲಕ್ಕಿಯನ್ನು ಪಾಯಸ, ಕೇಸರಿಬಾತು, ಹೋಳಿಗೆ ಹೂರಣದಲ್ಲೇ ಕಂಡವರು. ಮೂಗಿಗೆ ಏಲಕ್ಕಿ ಬಿದ್ದರೆ ನಾಲಿಗೆ ಪಾಯಸಕ್ಕೆ ರೆಡಿಯಾಗುತ್ತದೆ. ಧೈರ್ಯ ಬಂದು ಸೋಂಪನ್ನೂ ನೋಡಿದೆ. ಊಟ ಆದಮೇಲಿನ ಬಾಯಿ ನೆನಪಾಗುತ್ತದೆಯೋ ಏನೋ, ಜನ ಅರ್ಧ ಕಪ್ ಬಿಟ್ಟು ಎದ್ದರು. ಪಚ್ಚಕರ್ಪೂರ ಇನ್ನೂ ದೊಡ್ಡ ಫಜೀತಿ. ಲಾಡಿನ ವಾಸನೆ ತಾನೇ ಅಂದುಕೊಂಡು ಒಂದು ಚಿಟಿಕೆ ನೀರಿಗೆ ಬಿಟ್ಟಿದ್ದೆ. ಒಬ್ಬ ಅಜ್ಜ ಕಪ್ ಕೈಗೆ ತೆಗೆದುಕೊಂಡು, ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಳ್ಳುವ ಹಾಗೆ ಮಾಡಿ, "ಯಾವ ದೇವಸ್ಥಾನದ್ದಪ್ಪ?" ಅಂದರು. ಇಡೀ ಕೌಂಟರ್ ನಕ್ಕಿತು. ಮಧ್ಯಾಹ್ನಕ್ಕೆ ಆ ನೀರು ಚರಂಡಿಗೆ ಹೋಯಿತು.

ಸಂಗೀತದ್ದು ಹೇಳಲೇಬೇಕು, ಜನ ಹೆಚ್ಚು ನಕ್ಕಿದ್ದು ಇದಕ್ಕೇ. "ಗೌಡ್ರೇ, ಸಕ್ಕರೆ ಕಿವಿಗೆ ಹಾಕ್ತೀರೋ ಬಾಯಿಗೋ?" ಅಂತ ಎದುರು ಹೋಟೆಲಿನ ಭಟ್ರು ರಸ್ತೆಯಲ್ಲೇ ಕೂಗಿದ್ದರು. 2012ರಲ್ಲಿ ಸ್ಪೆನ್ಸ್ ತಂಡದವರು ಸಿಹಿ-ಕಹಿ ಎರಡೂ ಇರುವ ಟಾಫಿ ತಿನ್ನಿಸಿ ಎರಡು ಬಗೆಯ ಸಂಗೀತ ಕೇಳಿಸಿದ್ದರು. ಸಣ್ಣ ದನಿಯದಕ್ಕೆ ಟಾಫಿ ಸಿಹಿ ಕಡೆ ವಾಲಿತು, ದಪ್ಪ ದನಿಯದಕ್ಕೆ ಕಹಿ ಕಡೆ. ನಮ್ಮಲ್ಲಿ ಏನು ಹಾಕುವುದು? ನಾದಸ್ವರ ಒಂದು ವಾರ ಹಾಕಿದೆ. ಬೀಜ ಏರಿತು. ನಾದಸ್ವರ ನನಗೆ ಪ್ರಾಣ, ಆದರೆ ಅದು ಬಯಲಿನ ವಾದ್ಯ, ತಗಡಿನ ಚಾವಣಿಯ ಕೆಳಗೆ ಅದೇ ಒಂದು ಗದ್ದಲವಾಗುತ್ತದೆ. ಸಿನಿಮಾ ಹಾಡು ಹಾಕಿದರೆ ಜನ ಹಾಡಿನ ಕಡೆ ಹೋಗುತ್ತಾರೆ, ಕಪ್ಪಿನ ಕಡೆ ಅಲ್ಲ. ಕೊನೆಗೆ ನಿಂತಿದ್ದು ಜಲತರಂಗ, ಸಂತೂರ್, ಮಧ್ಯೆ ಮಧ್ಯೆ ಕೊಳಲು. ಕಿವಿ ಕೊಟ್ಟರೆ ಕೇಳಬೇಕು, ಇಲ್ಲದಿದ್ದರೆ ಇಲ್ಲ, ಅಷ್ಟು ಸಣ್ಣಗೆ. ಬೆಳಿಗ್ಗೆ ಏಳೂವರೆವರೆಗೆ ಸುಪ್ರಭಾತ, ಅದರಲ್ಲಿ ರಾಜಿ ಇಲ್ಲ, ಮನೆಯವರ ಅಪ್ಪಣೆ. ಸಂಗೀತ ಒಂದರಿಂದಲೇ ಎಷ್ಟು ಗ್ರಾಂ ಇಳಿಯಿತು ಅಂದರೆ ಅರ್ಧ ಗ್ರಾಂ ಇರಬಹುದು, ಅಷ್ಟೇ. ಸದ್ದು ಇಳಿಸಿದ್ದರ ಮುಂದೆ ಅದು ಏನೂ ಅಲ್ಲ. ಆರು ಸಾವಿರದ ಸ್ಪೀಕರ್ ತಂದ ಮೇಲೆ ಇದು ಗೊತ್ತಾಯಿತು.

ಇಲ್ಲೇ ಇನ್ನೊಂದು ಅಡ್ಡದಾರಿ. ಸಂಗೀತ ಕಲಿಸುವ ಸ್ನೇಹಿತರೊಬ್ಬರು, ಸ್ವರಕ್ಕೆ ಬಣ್ಣ ನಮ್ಮ ಹಳೇ ಶಾಸ್ತ್ರದಲ್ಲೇ ಇದೆ ಅಂದರು. ಹೌದು, 13ನೇ ಶತಮಾನದ ಶಾರ್ಙ್ಗದೇವನ ಸಂಗೀತ ರತ್ನಾಕರದಲ್ಲಿ ಷಡ್ಜಕ್ಕೆ ತಾವರೆ ಬಣ್ಣ, ಗಾಂಧಾರಕ್ಕೆ ಚಿನ್ನ, ಮಧ್ಯಮಕ್ಕೆ ಮಲ್ಲಿಗೆ ಬಿಳುಪು, ಪಂಚಮಕ್ಕೆ ಕಪ್ಪು. ನಾಟ್ಯಶಾಸ್ತ್ರದಲ್ಲಿ ರಸಕ್ಕೂ ಬಣ್ಣ ಇದೆ, ಹಾಸ್ಯಕ್ಕೆ ಬಿಳಿ, ರೌದ್ರಕ್ಕೆ ಕೆಂಪು. ಹುಡುಗಿಯನ್ನು ಹಾರ್ಮೋನಿಯಂ ಮುಂದೆ ಕೂರಿಸಿದೆವು. ಅವಳ ಗಾಂಧಾರ ಹಸಿರು, ಪಂಚಮ ತಿಳಿ ನೀಲಿ. ಒಂದೂ ಕೂಡಲಿಲ್ಲ. ಸ್ನೇಹಿತರಿಗೆ ಬೇಜಾರಾಯಿತು. ಕೂಡಬೇಕಾಗಿಯೂ ಇಲ್ಲ, ಇಂಥ ಇಬ್ಬರನ್ನು ಎದುರುಬದುರು ಕೂರಿಸಿದರೆ ಅವರವರ ಬಣ್ಣವೇ ಬೇರೆ ಬೇರೆ. ಕೆಲವರ ಬಣ್ಣ ಎಲ್ಲಿಂದ ಬರುತ್ತದೆ ಅನ್ನುವುದೂ ಗೊತ್ತಾಗಿದೆ. 2013ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರಿಗೆ ಹನ್ನೊಂದು ಜನ ಸಿಕ್ಕರು, ಅವರ ಅಕ್ಷರದ ಬಣ್ಣಗಳು ಚಿಕ್ಕಂದಿನಲ್ಲಿ ಆಡಿದ ಫ್ರಿಜ್ ಮ್ಯಾಗ್ನೆಟ್ ಅಕ್ಷರಗಳ ಬಣ್ಣಗಳೇ ಆಗಿದ್ದವು. ನಮ್ಮ ಹುಡುಗಿಯ ಅಂಗನವಾಡಿಯ ಚಾರ್ಟ್ ಸಿಗುತ್ತದೋ ನೋಡಿದೆ, ಅದು ಯಾವಾಗಲೋ ಗೆದ್ದಲಿಗೆ ಹೋಗಿತ್ತು.

ಬೋರ್ಡಿನ ಪ್ರಸಂಗ ಕೇಳಿ. ಏಳೂವರೆ ಗ್ರಾಂಗೆ ಬಂದಾಗ ಖುಷಿಯಲ್ಲಿ "ನಮ್ಮಲ್ಲಿ ಕಾಫಿಗೆ ಸಕ್ಕರೆ ಕಡಿಮೆ, ಆರೋಗ್ಯಕ್ಕೆ ಒಳ್ಳೆಯದು" ಅಂತ ಬೋರ್ಡ್ ಬರೆಸಿದೆ. ಅದೇ ದಿನ ಬೀಜ ಎರಡರಷ್ಟಾಯಿತು. ವಾರಗಟ್ಟಲೆ ಅದೇ ಕಾಫಿ ಕುಡಿದವರು ಬೋರ್ಡ್ ಓದಿ, ಒಂದು ಗುಟುಕು ಕುಡಿದು, "ಅದೇ ಅಂದ್ಕೊಂಡೆ, ಸಪ್ಪೆ" ಅಂದರು. ಕಣ್ಣಿನಿಂದಲೂ ಸಕ್ಕರೆ ಇಳಿಯುತ್ತದೆ. ಬೋರ್ಡ್ ಈಗ ಅಟ್ಟದ ಮೇಲಿದೆ. ಕೇಳಿದವರಿಗೆ ಎಷ್ಟು ಹಾಕುತ್ತೇವೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಇನ್ನೂ ಬೇಕು ಅಂದರೆ ಹಾಕಿಸುತ್ತೇನೆ.

ಎದುರು ಹೋಟೆಲಿನ ಭಟ್ರ ವಾದ ಏನಪ್ಪ ಅಂದರೆ, "ಅರ್ಧರ್ಧ ಗ್ರಾಂ ಇಳಿಸಿದ್ದೀರಿ, ಜನಕ್ಕೆ ಅಭ್ಯಾಸವಾಯಿತು, ಜಲತರಂಗ ಯಾಕೆ?" ಒಳ್ಳೇ ಪ್ರಶ್ನೆ. ಉತ್ತರವನ್ನು ರಸ್ತೆಯವರೇ ಕೊಟ್ಟರು. ನಮ್ಮ ಎದುರಿನ ಚರಂಡಿಗೆ ಕಾಂಕ್ರೀಟ್ ಒಡೆಯುವ ಮೆಷಿನ್ ಬಂತು. ಒಂದು ವಾರದ ಹತ್ತಿರ ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಸದ್ದು. ಸಕ್ಕರೆ ಅದೇ ಏಳು, ಕಪ್ ಅದೇ, ಸಿಪ್ಪೆ ನೀರು ಅದೇ. ಡಬ್ಬಿಯಲ್ಲಿ ಬೀಜ ನೂರಕ್ಕೆ ಹತ್ತರ ಹತ್ತಿರ. ಮೆಷಿನ್ ಹೋದ ಎರಡು ಮೂರು ದಿನದಲ್ಲಿ ಮತ್ತೆ ನಾಲ್ಕಕ್ಕೆ ಇಳಿಯಿತು. ಅಭ್ಯಾಸವೇ ಕಾರಣವಾಗಿದ್ದರೆ ಏರಬಾರದಿತ್ತು ಅಲ್ವಾ? ಭಟ್ರು ಅದಕ್ಕೂ "ಧೂಳಿಗಿರಬೇಕು" ಅಂದರು. ಆಗ ಅವರನ್ನೇ ಕರೆದು ಡಬ್ಬಿಯ ಪಕ್ಕ ಕೂರಿಸಿದೆ. ಹಳೇ ಬೇರಿಂಗ್ ಎಸೆದಿರಲಿಲ್ಲ. ಫ್ಯಾನಿಗೆ ಮತ್ತೆ ಅದನ್ನೇ ಹಾಕಿಸಿ, ತೊಟ್ಟಿಯ ಮ್ಯಾಟ್ ತೆಗೆಸಿ ಎರಡು ಬೆಳಿಗ್ಗೆ ನಡೆಸಿದೆ. ಮಾಸ್ಟರ್‌ಗೂ ಕಾರಣ ಹೇಳಿರಲಿಲ್ಲ. ಬೀಜವನ್ನು ಭಟ್ರೇ ಎಣಿಸಿದರು. ಎಣಿಸಿ, ಎದ್ದು, "ಮ್ಯಾಟ್ ಎಲ್ಲಿ ತಂದ್ರಿ?" ಅಂದರು.

ದುಡ್ಡಿನ ಲೆಕ್ಕಕ್ಕೆ ಬನ್ನಿ. ಬಿಳಿ ಕಪ್, ಕುಡಿಕೆ, ಖುರ್ಜಾ ಕಪ್, ಸ್ಪೀಕರ್, ಮ್ಯಾಟ್, ಬೇರಿಂಗ್, ಬೋರ್ಡ್ ಎಲ್ಲ ಸೇರಿ ಮೂವತ್ತೇಳು, ಮೂವತ್ತೆಂಟು ಸಾವಿರ ಆಗಿರಬಹುದು. ದಿನಕ್ಕೆ ನಾನೂರು ಕಾಫಿ ಅಂದರೆ ಸಕ್ಕರೆ ಉಳಿಯುವುದು ಒಂದೂವರೆ ಕೆಜಿ ಒಳಗೆ, ಅರವತ್ತು ರೂಪಾಯಿ ಚಿಲ್ಲರೆ. ತಿಂಗಳಿಗೆ ಎರಡು ಸಾವಿರವೂ ಆಗುವುದಿಲ್ಲ. ಬರೀ ಸಕ್ಕರೆ ಉಳಿಸಲು ಇದನ್ನು ಮಾಡಬೇಡಿ. ನನಗೆ ದುಡ್ಡು ಬಂದದ್ದು ಪುಡಿಯಲ್ಲಿ. ಸಕ್ಕರೆ ಇಳಿದ ಮೇಲೆ ಜನಕ್ಕೆ ಕಾಫಿಯ ರುಚಿ ಹತ್ತಿತು. "ಇದೇ ಪುಡಿ ಮನೆಗೆ ಕೊಡಿ" ಅನ್ನುವವರು ಜಾಸ್ತಿಯಾದರು. ಮೊದಲು ದಿನಕ್ಕೆ ಎರಡು ಕೆಜಿ ಹೋದರೆ ಹೆಚ್ಚು, ಈಗ ಐದರ ಹತ್ತಿರ ಹೋಗುತ್ತದೆ. ಕೆಜಿಗೆ ಎಂಬತ್ತು-ನೂರು ಉಳಿಯುತ್ತದೆ. ಲೆಕ್ಕ ನೀವೇ ಹಾಕಿ. ಕೆಲವರು ಪುಡಿ ಒಯ್ದು, "ಮನೇಲಿ ಹೋಟ್ಲು ಥರ ಬರಲ್ಲ" ಅಂತ ದೂರುತ್ತಾರೆ. ಟಿವಿ ಆಫ್ ಮಾಡಿ ಕುಡಿಯಿರಿ ಅನ್ನುತ್ತೇನೆ. ತಮಾಷೆ ಅಂದುಕೊಳ್ಳುತ್ತಾರೆ.

ಕಾಫಿ ಆದ ಮೇಲೆ ಕೇಸರಿಬಾತಿಗೆ ಕೈ ಹಾಕಿದೆ. ಬ್ರಿಟನ್ನಿನ ಹೆಸರಾಂತ ಚಾಕೊಲೇಟೊಂದರ ತುಂಡುಗಳ ಮೂಲೆಯನ್ನು 2013ರಲ್ಲಿ ದುಂಡಗೆ ಮಾಡಿದಾಗ, ಸಿಹಿ ಜಾಸ್ತಿ ಮಾಡಿದ್ದೀರಿ ಅಂತ ಜನ ಕಂಪನಿಗೆ ದೂರಿದ್ದರು. ಅಳತೆ ಬದಲಾಗಿಲ್ಲ ಅಂತ ಕಂಪನಿ ಹೇಳಬೇಕಾಯಿತು. ನಾನೂ ಒಂದೇ ಬಾಣಲೆಯ ಕೇಸರಿಬಾತನ್ನು ಒಂದು ಪಾಲು ದುಂಡು ಬಟ್ಟಲಿನಲ್ಲಿ ಕವುಚಿ, ಇನ್ನೊಂದು ಪಾಲು ತಟ್ಟೆಯಲ್ಲಿ ಹರಡಿ ಚೌಕಕ್ಕೆ ಕತ್ತರಿಸಿ, ನಮ್ಮ ಹುಡುಗರಿಗೂ ಖಾಯಂ ಗಿರಾಕಿಗಳಿಗೂ ಕೊಟ್ಟೆ. ಯಾವುದು ಸಿಹಿ ಅಂದರೆ ಬಹಳ ಜನ ದುಂಡಗಿನದನ್ನೇ ತೋರಿಸಿದರು. ಈಗ ದುಂಡು ಬಟ್ಟಲೇ, ಸಕ್ಕರೆ ಹತ್ತಕ್ಕೆ ಒಂದು ಭಾಗ ಕಮ್ಮಿ. ಅದಕ್ಕಿಂತ ಇಳಿಸಿದರೆ ರವೆ ಅಂಟು ಬಿಡುತ್ತದೆ. ಅದು ಪಾಕದ ವಿಷಯ, ಕಣ್ಣಿನ ವಿಷಯ ಅಲ್ಲ.

ಬಾದಾಮಿ ಹಾಲು ಮಾತ್ರ ಇನ್ನೂ ಬಗ್ಗಿಲ್ಲ. ಬೇಸಿಗೆಯಲ್ಲಿ ತಣ್ಣಗೆ ಕೇಳುತ್ತಾರೆ. ತಣ್ಣಗಾದರೆ ಏಲಕ್ಕಿಯ ವಾಸನೆ ಏಳುವುದಿಲ್ಲ, ಸಿಹಿಯೂ ಮಂಕು. ಕೇಸರಿ ದಳ ಜಾಸ್ತಿ ಹಾಕಿ ಬಣ್ಣ ಏರಿಸಿದೆ, ಖರ್ಚು ಏರಿತೇ ಹೊರತು ಡಬ್ಬಿಯ ಬೀಜ ಇಳಿಯಲಿಲ್ಲ. ದಪ್ಪ ಸ್ಟ್ರಾ, ತೆಳು ಸ್ಟ್ರಾ, ಗಾಜಿನ ಬಾಟಲಿ ಎಲ್ಲ ನೋಡಿಯಾಯಿತು. ಬಾಟಲಿಯ ಮುಚ್ಚಳದ ಒಳಗೆ ಒಂದು ಕೆಲಸ ಮಾಡಿ ನೋಡುತ್ತಿದ್ದೇನೆ, ಅದು ಕೂಡಿಬರುವವರೆಗೆ ಬಾದಾಮಿ ಹಾಲಿಗೆ ಹಳೇ ಅಳತೆಯೇ.